ಮಾನಿಟರಿನ ಮೇಲಿನ ಮಡಿ ಬಟ್ಟೆ

ಬಾಯಾರ ಬಲಗೈಯ ಕಿರುಬೆರಳು ಮಡಚಲು ಬರುತ್ತಿರಲಿಲ್ಲ. ಉಳಿದ ಬೆರಳುಗಳೆಲ್ಲ ಕೀಬೋರ್ಡಿನ ಮೇಲೆ ಓಡಾಡುವಾಗ ಅದೊಂದು ಮಾತ್ರ ನೆಟ್ಟಗೆ ನಿಂತು ಯಾರನ್ನೋ ಗದರಿಸುವ ಹಾಗೆ ಕಾಣುತ್ತಿತ್ತು. ಚಿಕ್ಕವರಿದ್ದಾಗ ಮೇವು ಕತ್ತರಿಸುವ ಯಂತ್ರಕ್ಕೆ ಸಿಕ್ಕಿತ್ತಂತೆ. ಕಮಲಾಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದವರು ಆ ಕೆಲಸ ಬಿಟ್ಟು, ದಿನಾ ಬಸ್ಸಿನಲ್ಲಿ ಕಲಬುರಗಿಗೆ ಬಂದು ನಮ್ಮ ಆಫೀಸು ನಡೆಸುತ್ತಿದ್ದರು. ಟೀಚರಮ್ಮನನ್ನು ಶಾಲೆಯ ಮಕ್ಕಳು ಕರೆಯುವ ಹಾಗೆ ನಾವೂ ಅವರನ್ನು ಬಾಯಾರು ಎಂದೇ ಕರೆಯುತ್ತಿದ್ದೆವು.

ಆಫೀಸೆಂದರೆ ಶಹಾಬಜಾರದ ಹಳೆಯ ಮನೆಯೊಂದರ ಮಹಡಿ. ಬೇಳೆ ಮಿಲ್ಲುಗಳಿಗೆ ಕಂಪ್ಯೂಟರಿನಿಂದ ನಡೆಯುವ ಯಂತ್ರ ಮಾಡಿಕೊಡುವ ಮಾಲೀಕರೊಬ್ಬರು ಅದನ್ನು ಬಾಡಿಗೆಗೆ ಹಿಡಿದಿದ್ದರು. ಯಂತ್ರ ನಿಂತುಹೋದರೆ ಮುಂದೇನು ಮಾಡಬೇಕೆಂದು ಅದರ ಪರದೆಯ ಮೇಲೆ ಕನ್ನಡದಲ್ಲಿ ಮೂಡಬೇಕಲ್ಲ, ಆ ಸಹಾಯದ ಪುಟಗಳನ್ನು ಬರೆಯುವುದು ನಮ್ಮ ಕೆಲಸ. ತಾಜಸುಲ್ತಾನಪುರದ ನಮ್ಮ ಮನೆಯಲ್ಲಿ ತಿಂಗಳ ಸಂಬಳ ಕಂಡವಳು ನಾನೇ ಮೊದಲು. ಅದು ಹೋದರೆ ಮತ್ತೆ ಅವ್ವನ ಜೊತೆ ಕಂಡವರ ತೊಗರಿ ಹೊಲಕ್ಕೆ ಕೂಲಿಗೆ ಹೋಗಬೇಕಿತ್ತು.

ಆಗ ನಮ್ಮ ಫೈಲುಗಳ ಅವಸ್ಥೆ ದೇವರಿಗೇ ಪ್ರೀತಿ. ಒಂದೇ ಪುಟಕ್ಕೆ ‘ಕೊನೆಯದು’, ‘ಕೊನೆಯ ಕೊನೆಯದು’, ‘ಇದೇ ಖರೇ ಕೊನೆಯದು’ ಎಂಬ ಪ್ರತಿಗಳು. ಒಬ್ಬರು ತಿದ್ದಿದ್ದರ ಮೇಲೆ ಇನ್ನೊಬ್ಬರು ಫ್ಲಾಪಿಯಿಂದ ಹಳೆಯದನ್ನು ತಂದು ಸುರಿಯುವರು. ರೋಸಿಹೋದ ಬಾಯಾರು ಹೈದರಾಬಾದಿಗೆ ಹೋಗಿ ವರ್ಷನ್ ಕಂಟ್ರೋಲ್ ಎಂಬ ಸಾಫ್ಟ್‌ವೇರ್ ತಂದು ಹಾಕಿದರು. ಅದು ಹಳೆಯ ಪ್ರತಿಗಳನ್ನೆಲ್ಲ ಕಾಪಾಡಿ, ಯಾರು ಯಾವಾಗ ಏನು ತಿದ್ದಿದರೆಂದು ನೆನಪಿಟ್ಟು, ಒಂದು ಪುಟವನ್ನು ಒಂದು ಸಲಕ್ಕೆ ಒಬ್ಬರಿಗೆ ಮಾತ್ರ ತಿದ್ದಲು ಕೊಡುತ್ತಿತ್ತು. ಬೇರೆಯವರಿಗೆ ಆ ಪುಟಕ್ಕೆ ಬೀಗ.

ಆ ಬೀಗ ಬಾಯಾರಿಗೆ ಸಾಲಲಿಲ್ಲ. ಮರುದಿನ ಮನೆಯಿಂದ ಕೆಂಪಂಚಿನ ಬಟ್ಟೆಯ ತುಂಡುಗಳನ್ನು ತಂದರು. ಪುಟ ತೆಗೆದುಕೊಂಡವರು ಒಂದು ತುಂಡನ್ನು ತಮ್ಮ ಮಾನಿಟರಿನ ಮೇಲೆ ಹಾಕಿಕೊಳ್ಳಬೇಕು.

“ಬಟ್ಟಿ ಇತ್ತಂದ್ರ ಆ ಪುಟ ಮಡಿಯೊಳಗ ಅದ ಅಂತ ತಿಳ್ಕೊಳ್ರಿ. ನಮ್ಮ ಅಡಗಿ ಮನ್ಯಾಗ ಹ್ಯಾಂಗೋ ಇಲ್ಲೂ ಹಂಗ. ಬ್ಯಾರೆದವರು ಯಾರೂ ಮುಟ್ಟಬ್ಯಾಡ್ರಿ.”

ನನಗೆ ಕಪಾಳಕ್ಕೆ ಹೊಡೆದಂತಾಯಿತು. ನಮ್ಮಜ್ಜಿ ಊರ ಬಾವಿಯ ಹತ್ತಿರ ಕೇಳಿದ ಮಾತು ಅದು. ಬುದ್ಧನ ಪಟದ ಕೆಳಗೆ ಕೂತು ಓದಿ, ಡಿಗ್ರಿ ಮುಗಿಸಿ, ಕಂಪ್ಯೂಟರಿನ ಮುಂದೆ ಕೂತರೂ ಬೆನ್ನು ಬಿಡದೆ ಬಂತಲ್ಲ! ಬಾಯಾರಿಗೆ ನನ್ನ ಸಿಟ್ಟಿನ ಅರಿವೇ ಇರಲಿಲ್ಲ. ಎಂದಿನಂತೆ ಉಪ್ಪಿಟ್ಟಿನ ಡಬ್ಬಿ ತೆರೆದು, ಕೈಗೆ ಕೈ ತಾಗದಂತೆ ಮೇಲಿನಿಂದ ಎಲ್ಲರಿಗೂ ಹಾಕಿದರು. ಹಾಗೆ ಹಾಕುವುದು ಅವರ ಅಭ್ಯಾಸ.

ಸಂಜೆ ಮನೆಗೆ ಬಂದು, ಬಟ್ಟೆಯ ಸಂಗತಿ ಹೇಳಿ, ನಾಳೆಯಿಂದ ಹೋಗುವುದಿಲ್ಲ ಎಂದೆ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

“ಆ ಬಟ್ಟಿ ನಿನ್ನ ಕಂಪ್ಯೂಟರ್ ಮ್ಯಾಲೂ ಹಾಕ್ತಾರೇನು?”

“ಹಾಕ್ತಾರ.”

“ಹಂಗಿದ್ರ ಅವತ್ತು ಆಕಿನೂ ಮುಟ್ಟಂಗಿಲ್ಲ. ಸುಮ್ಮ ಹೋಗು.”

ಹೋದೆ. ಮುನಿಸಿಕೊಂಡೇ ಅವರಿಂದ ಬರೆಯಲು ಕಲಿತೆ. “ಓದಾವ ಕುರ್ಚಿ ಮ್ಯಾಲ ಕುಂತಿರಂಗಿಲ್ಲ, ಒಂದು ಕೈ ಯಂತ್ರದಾಗ ಇಟ್ಟಿರ್ತಾನ. ಅದನ್ನ ನೆನಪಿಟ್ಟು ಬರಿ” ಎನ್ನುತ್ತಿದ್ದರು. ಆ ಮಾತು ಹೇಳುವಾಗ ಕಿರುಬೆರಳನ್ನು ಸವರಿಕೊಳ್ಳುತ್ತಿದ್ದರು.

ಒಮ್ಮೆ, ತೊಗರಿ ಸಿಕ್ಕಿಕೊಂಡು ಯಂತ್ರ ನಿಂತರೆ ಏನು ಮಾಡಬೇಕೆಂಬ ಪುಟ ನನ್ನ ಪಾಲಿಗೆ ಬಂತು. ಸಿಕ್ಕಿದ್ದನ್ನು ಬಿಡಿಸಿದ ಕೂಡಲೇ ರೋಲರ್ ತಾನಾಗಿ ತಿರುಗುತ್ತದೆಂದು ಮೆಕ್ಯಾನಿಕ್ ಎಚ್ಚರಿಸಿದ್ದ. ‘ಮೊದಲು ಮೇನ್ ಸ್ವಿಚ್ ಆಫ್ ಮಾಡಿ’ ಎಂಬ ಸಾಲನ್ನು ಸೇರಿಸಿ ಉಳಿಸಿದೆ. ಇನ್ನೂ ಸ್ವಲ್ಪ ಕೆಲಸವಿದ್ದದ್ದರಿಂದ ಪುಟ ಬಿಟ್ಟುಕೊಡದೆ, ಬಟ್ಟೆಯನ್ನೂ ತೆಗೆಯದೆ, ಒಂದು ದಿನದ ರಜೆ ಹಾಕಿ ಹೋದೆ. ಮರಳಿ ಬಂದಾಗ ಬೇರೆ ಕೆಲಸದ ಅವಸರದಲ್ಲಿ ಆ ಪುಟ ತೆರೆಯಲೇ ಇಲ್ಲ.

ಮರುವಾರ ಕಮಲಾಪುರದ ಮಿಲ್ಲಿನಿಂದ ಫೋನು ಬಂತು. ಪರದೆಯ ಮೇಲೆ ಇದ್ದಂತೆಯೇ ಮಾಡಲು ಹೋಗಿ ಆಪರೇಟರನ ಎರಡು ಬೆರಳು ತುಂಡಾಗಿದ್ದವು.

ಪುಟ ತೆರೆದು ನೋಡಿದೆ. ಮಿಲ್ಲಿಗೆ ಹೋದ ಪುಟದಲ್ಲಿ ಮೇನ್ ಸ್ವಿಚ್ಚಿನ ಸಾಲೇ ಇರಲಿಲ್ಲ! ಬರೆದದ್ದು ನಾನು, ನನ್ನ ಕೈಯಾರೆ ಬರೆದದ್ದು, ಎಲ್ಲಿ ಹೋಯಿತು? ಮಾಲೀಕರು ಮಹಡಿ ಹತ್ತಿ ಬಂದು ಪುಟ ಯಾರದೆಂದು ಕೇಳಿದರು. ಕೆಂಪಂಚಿನ ಬಟ್ಟೆ ಇನ್ನೂ ನನ್ನ ಮಾನಿಟರಿನ ಮೇಲೆಯೇ ಇತ್ತು. “ನಾಳಿಂದ ಬರಬ್ಯಾಡವ್ವ” ಎಂದರು.

“ಸ್ವಲ್ಪ ತಡೀರಿ” ಎಂದ ಬಾಯಾರು ತಮ್ಮ ಕಂಪ್ಯೂಟರಿನಲ್ಲಿ ಆ ಪುಟದ ಹಳೆಯ ಪ್ರತಿಗಳನ್ನು ಮಾಲೀಕರಿಗೆ ತೋರಿಸಿದರು. ನನ್ನ ಸಾಲು ಅಲ್ಲಿತ್ತು. ಮರುದಿನ ಅದನ್ನು ಅಳಿಸಿ ಕೂತ ಪ್ರತಿಯ ಮುಂದೆ ಬಾಯಾರದೇ ಹೆಸರಿತ್ತು.

“ಈಕಿ ರಜಾ ಇದ್ದಳು. ಒಂದು ಶಬ್ದ ನನಗ ಸರಿ ಕಾಣಲಿಲ್ಲ. ಬಟ್ಟಿ ಇತ್ತು, ಬೀಗನೂ ಇತ್ತು. ನನಗ್ಯಾರು ಕೇಳಾವರು ಅಂತ ನನ್ನ ಪಾಸ್‌ವರ್ಡ್ ಹಾಕಿ ಬೀಗ ತಗದೆ. ನನ್ನ ಹತ್ರ ಇದ್ದ ಹಳೀ ಪ್ರತಿ ತಿದ್ದಿ ಇದರ ಮ್ಯಾಲ ಹಾಕೀನಿ, ಮಿಲ್ಲಿಗೂ ಅದನ್ನ ಕಳಿಸೀನಿ.”

ಬೀಗ ತಂದವರೇ ಬೀಗ ಮುರಿದಿದ್ದರು. ಮಾಲೀಕರು ದನಿ ತಗ್ಗಿಸಿದರು. “ಬಾಯಾರ, ನಿಮ್ಮ ಹೆಸರು ಅಳಿಸಿಬಿಡ್ರಿ. ಹುಡುಗಿ ಹೊಸಾಕಿ, ಆಕಿ ಮ್ಯಾಲ ಹೋಗ್ಲಿ.”

ನನ್ನೆದುರಿಗೇ! ನಾನು ಅಲ್ಲೇ ನಿಂತಿರುವಾಗಲೇ!

“ಅಳಿಸಂಗಿಲ್ಲರಿ” ಎಂದು ಬಾಯಾರು ನನ್ನ ಕಡೆ ತಿರುಗಿದರು. “ನಿನ್ನ ಪುಟ ಮುಟ್ಟಬಾರದಿತ್ತು ತಂಗಿ. ಮುಟ್ಟಿ ಮೈಲಿಗಿ ಮಾಡಿದಾಕಿ ನಾನ.”

ಆ ಮಾತು, ಆ ಬಾಯಿಂದ, ನನ್ನ ಕಡೆಗೆ ಬಂದದ್ದನ್ನು ನಂಬಲು ನನಗೆ ಇಂದಿಗೂ ಕಷ್ಟ. ಮನೆಯಲ್ಲಿ ಹೇಳಿದಾಗ ಈ ಸಲ ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

ನನ್ನ ಕೆಲಸ ಉಳಿಯಿತು. ಬಾಯಾರು ಅವತ್ತೇ ಬಿಟ್ಟರು. ಆಪರೇಟರನ ಮನೆಗೆ ಹೋಗಿ ತಪ್ಪು ತಮ್ಮದೆಂದು ಹೇಳಿ, ಅವನ ಹೆಂಡತಿ ಬೈದಷ್ಟನ್ನೂ ಬೈಸಿಕೊಂಡು ಕೂತಿದ್ದರಂತೆ. ಬೀಗ ತೆಗೆಯುವ ಪಾಸ್‌ವರ್ಡ್ ನನಗೆ ಕೊಟ್ಟು ಹೋಗಿದ್ದರು. ಬರೆದವರನ್ನು ಕೇಳದೆ ಅದನ್ನು ನಾನು ಒಮ್ಮೆಯೂ ಬಳಸಲಿಲ್ಲ.

ಕೆಲವು ವರ್ಷಗಳ ನಂತರ ಅವರು ತೀರಿಕೊಂಡ ಸುದ್ದಿ ಕೇಳಿ ಕಮಲಾಪುರಕ್ಕೆ ಓಡಿದೆ. ಪಡಸಾಲೆಯಲ್ಲಿ ಮಲಗಿಸಿದ್ದರು. ಹೊಸ್ತಿಲ ಹತ್ತಿರ ಹೋಗುತ್ತಿದ್ದಂತೆ ಹಿರಿಯರೊಬ್ಬರು, “ಅಲ್ಲೇ ನಿಂದ್ರವ್ವ. ಅವ್ರಿಗೆ ಸ್ನಾನ ಆಗ್ಯದ, ಮುಟ್ಟಬ್ಯಾಡ” ಎಂದರು. ನಿಂತೆ. ಬಾಯಾರ ಮಗಳು ಎದ್ದು ಬಂದು ನಾನು ಯಾರೆಂದು ಕೇಳಿದಳು. ಹೇಳಿದೆ. ಅವಳು ನನ್ನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು.

“ನೀವು ಬಂದ್ರ ದೂರ ನಿಲ್ಲಸಬ್ಯಾಡ ಅಂತ ನಮ್ಮ ತಾಯಿ ಹೇಳ್ಯಾಳ. ಮುಟ್ಟ್ರಿ.”

ಅಷ್ಟು ದಿನ ತಾಗದಂತೆ ಉಪ್ಪಿಟ್ಟು ಹಾಕಿದ್ದ ಕೈಯನ್ನು ಮೊದಲ ಸಲ ಹಿಡಿದೆ. ಕಿರುಬೆರಳು ನನ್ನ ಅಂಗೈಯೊಳಗೂ ನೆಟ್ಟಗೇ ಇತ್ತು.