ನುಂಗುವುದನ್ನು ಕಲಿಸಿದವರು

ಮುದ್ದೆಯ ತುತ್ತು ಇಳಿಯುವಾಗ ಅವರ ಕೊರಳಿಗೆ ಬಿಗಿದುಕೊಂಡಿದ್ದ ಕರಿಮಣಿ ಒಮ್ಮೆ ಮೇಲಕ್ಕೆದ್ದು ಮತ್ತೆ ಕೂರುತ್ತಿತ್ತು. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಯಲಹಂಕದಲ್ಲಿ ಬಾಡಿಗೆಗಿದ್ದ ಮನೆಯ ಓನರಮ್ಮ ಅವರು. ನಾನು ಗದಗದ ಕಡೆಯವಳು, ಆಸ್ಪತ್ರೆಯಲ್ಲಿ ನರ್ಸ್. ರೊಟ್ಟಿ ಅಗಿದು ಬೆಳೆದ ಬಾಯಿ. ಮುದ್ದೆಯನ್ನೂ ಅಗಿಯಲು ಹೋಗಿ, ಅದು ಹಲ್ಲಿಗೆಲ್ಲ ಮೆತ್ತಿಕೊಂಡು ನಾನು ಒದ್ದಾಡುತ್ತಿದ್ದರೆ ಅವರಿಗೆ ನಗು.

"ಅಗೀಬಾರ್ದು ಕಣಮ್ಮಿ. ಇಂಗೆ ಮುರ್ಕೊ, ಸಾರಲ್ಲಿ ಅದ್ದು, ನಾಲ್ಗೆ ಮೇಲಿಟ್ಟು ಬಿಟ್ಬಿಡು. ಅದುಕ್ಕೆ ದಾರಿ ಗೊತ್ತು."

ಕಲಿತೆ. ಡ್ಯೂಟಿ ಮುಗಿಸಿ ಬಂದರೆ ನನಗಾಗಿ ಮುಚ್ಚಿಟ್ಟ ಮುದ್ದೆ, ಸೊಪ್ಪಿನ ಸಾರು, ಜೊತೆಗೆ ಇಡೀ ಬೀದಿಯವರ ಮೇಲಿನ ಚಾಡಿ. ಹೆತ್ತವಳೂ ನನಗಾಗಿ ಅಷ್ಟು ಕಾದಿರಲಿಲ್ಲ.

ಎಂಬತ್ತರ ದಶಕದ ನಡುವಿನಲ್ಲಿ ಅವರಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತು ತೊದಲಿತು, ತುತ್ತು ಗಂಟಲಲ್ಲಿ ಇಳಿಯದಾಯಿತು.

"ಮುದ್ದೆ ಬ್ಯಾಡ, ನೀರಾದ್ರೂ ಇಳೀತದೆ" ಎಂದು ಅವರ ಯಜಮಾನರು ಲೋಟ ಹಿಡಿದು ಬಂದರು. ನಾನು ತಡೆದೆ.

"ನೀರೇ ಅಪಾಯ್ರೀ, ಯಜಮಾನ್ರ. ನುಂಗುವಾಗ ಗಂಟಲ ಮ್ಯಾಲೆದ್ದು ಉಸಿರಿನ ದಾರಿ ಮುಚ್ಚಬೇಕು. ಇವರದು ತಡಾ ಮಾಡಿ ಏಳ್ತದ. ನೀರು ಅಷ್ಟೊತ್ತು ಕಾಯೂದಿಲ್ಲ, ಪುಪ್ಪುಸಕ್ಕ ಹೋಗ್ತದ."

ವಾರ್ಡಿನಲ್ಲಿ ಮಾಡುವಂತೆ ನೆಟ್ಟಗೆ ಕೂರಿಸಿ, ಗದ್ದವನ್ನು ಎದೆಯತ್ತ ತಗ್ಗಿಸಿ, ಗಟ್ಟಿ ಅಂಬಲಿಯನ್ನು ಚಮಚದ ತುದಿಯಲ್ಲಿ ಕೊಟ್ಟು, ಗಂಟಲ ಮೇಲೆ ಎರಡು ಬೆರಳಿಟ್ಟು ಕಾಯುತ್ತಿದ್ದೆ. ಕರಿಮಣಿ ಎದ್ದರೆ ಮಾತ್ರ ಮುಂದಿನ ಚಮಚ. ಮೊದಮೊದಲು ಏಳುತ್ತಿತ್ತು. ಬರಬರುತ್ತಾ ಅಂಬಲಿ ಬಾಯಂಚಿನಿಂದ ಹೊರಗೇ ಬರತೊಡಗಿತು. ಆಹಾರಕ್ಕೆಂದು ಆಸ್ಪತ್ರೆಯವರು ಮೂಗಿಗೆ ಹಾಕಿದ್ದ ನಳಿಕೆಯನ್ನು ಓನರಮ್ಮ ತಾವೇ ಎಡಗೈಯಿಂದ ಕಿತ್ತೆಸೆದಿದ್ದರು. ಇನ್ನೊಂದನ್ನು ಹಾಕಗೊಡಲಿಲ್ಲ.

"ದಾರಿ ಮರ್ತೋಯ್ತು ಕಣಮ್ಮಿ" ಎಂದು ಒಂದು ಮಧ್ಯಾಹ್ನ ತೊದಲಿದರು. ನನಗೆ ಅಳು ತಡೆಯಲಾಗಲಿಲ್ಲ. ಅವರು ನನಗೆ ನಗುತ್ತ ಕಲಿಸಿದ್ದನ್ನು, ಇಷ್ಟೆಲ್ಲ ಓದಿದ ನಾನು ಅವರಿಗೆ ಮರಳಿ ಕಲಿಸಲಾರದೆ ಹೋದೆ.

ಮೇಲುಸಿರು ಎಳೆಯತೊಡಗಿದ ದಿನ ಚಿಕ್ಕಜಾಲದ ನೆಂಟರೆಲ್ಲ ಬಂದರು. ಪದ್ಧತಿಯಂತೆ ಒಬ್ಬೊಬ್ಬರೂ ಬಾಯಿಗೆ ತುಳಸಿ ನೀರು ಬಿಟ್ಟರು. ಇಷ್ಟು ದಿನ ನಾನು ಬೇಡವೆಂದು ತಡೆದಿದ್ದ ನೀರು. ಈಗ ತಡೆಯಲಿಲ್ಲ, ತಡೆದು ಉಳಿಸಿಕೊಳ್ಳುವುದೇನೂ ಇರಲಿಲ್ಲ.

ನನ್ನ ಸರದಿ ಬಂತು. ಚಮಚ ಬಲಗೈಯಲ್ಲಿತ್ತು; ಎಡಗೈಯ ಬೆರಳುಗಳು ತಾವಾಗಿಯೇ ಅವರ ಗಂಟಲಿಗೆ ಹೋದವು. ನೀರು ತುಟಿಯಿಂದ ಕಿವಿಯ ಕಡೆಗೆ ಹರಿಯಿತು. ನಾನು ಬೆರಳು ತೆಗೆಯದೆ ಕಾದೆ.

"ಸಾಕು, ಬುಡಮ್ಮ" ಎಂದರು ಯಜಮಾನರು.

ಕರಿಮಣಿ ಏಳಲಿಲ್ಲ.