ಬಿಗಿ ಬೂಟು

ಹಾನಗಲ್ಲಿನಲ್ಲಿ ಕೆರೆಯ ನೀರನ್ನು ಗದ್ದೆಗಳಿಗೆ ಬಿಡುವ ನೀರಗಂಟಿ ಉಳವಪ್ಪ ಚಳಿಗಾಲದಲ್ಲಿ ಕೆರೆಗಿಳಿದರೆ ಒಡೆದ ಹಿಮ್ಮಡಿಯಿಂದ ರಕ್ತ ಸೋರುತ್ತಿತ್ತು. ಎಂಬತ್ತನಾಲ್ಕನೇ ಇಸವಿಯಲ್ಲಿ ಅವನ ಅಳಿಯ ಕಾರವಾರದಿಂದ, ತಣ್ಣೀರಿಗಿಳಿಯುವವರು ಹಾಕುವ ನಿಯೋಪ್ರೀನ್ ರಬ್ಬರಿನ ಬೂಟು ಎರಡು ಜೋಡಿ ತಂದ.

"ಚರ್ಮದಂಗ ಬಿಗಿ ಇರೂದನ್ನ ಆರಿಸ್ರಿ ಮಾವ. ಸಡಿಲಿದ್ರ ನೀರು ತುಂಬತೈತಿ."

ಹೆಂಡತಿ ದಾನವ್ವ ಸಡಿಲಾದದ್ದನ್ನೇ ಮುಂದಿಟ್ಟಳು. "ಲಗೂನ ಬಿಚ್ಚಾಕ ಬರಬೇಕು. ಕಾಲಾಗ ಮೆಟ್ಟು ಇಟಗೊಂಡು ಕೆರಿ ತಾಯಿ ಗಂಗವ್ವಗ ಕೈ ಮುಗಿತೀರೇನು?"

ಉಳವಪ್ಪ ಸಡಿಲಾದದ್ದನ್ನೇ ಮೆಟ್ಟಿಕೊಂಡ. ಬಿಗಿ ಜೋಡಿ ವಾಪಸ್ ಹೋಯಿತು.

ಪುಷ್ಯದ ಒಂದು ಬೆಳಿಗ್ಗೆ ಕೆರೆಯ ತೂಬಿನ ಬಾಗಿಲು ತೆರೆದೇ ಸಿಕ್ಕಿಕೊಂಡು, ಭತ್ತ ಕೊಯ್ದು ಹಾಕಿದ್ದ ಗದ್ದೆಗಳಿಗೆ ನೀರು ನುಗ್ಗತೊಡಗಿತು. ಉಳವಪ್ಪ ದಂಡೆಯಲ್ಲಿ ಬೂಟು ಬಿಚ್ಚಿ ಕೈಮುಗಿದ, ಮತ್ತೆ ಮೆಟ್ಟಿಕೊಂಡು ಎದೆಮಟ್ಟದ ನೀರಿಗಿಳಿದ. ಬೂಟಿನೊಳಗೆ ಕೊರೆಯುವ ನೀರು, ಕೆಸರು ತುಂಬಿ ಕಾಲು ಕಲ್ಲಾಯಿತು. ಎತ್ತಲು ಹೋಗಿ ಮುಗ್ಗರಿಸಿದ, ತಲೆಯೇ ಮುಳುಗಿತು. ಬುತ್ತಿ ತಂದಿದ್ದ ದಾನವ್ವ ದಂಡೆಯಿಂದ ನೀರಿನಂಚಿಗೆ ಓಡಿದಳು.

ತಲೆ ಮೇಲೆದ್ದಿತು. ಬೂಟೆರಡೂ ಕೆಸರಿನಲ್ಲೇ ಉಳಿದವು. ಬರಿಗಾಲಲ್ಲೇ ಬಾಗಿಲು ಇಳಿಸಿ, ಗದಗದ ನಡುಗುತ್ತ ದಂಡೆಗೆ ಬಂದ.

ನೀಲಿಗಟ್ಟಿದ ಪಾದಗಳನ್ನು ಸೆರಗಿನಲ್ಲಿ ಸುತ್ತುತ್ತ ದಾನವ್ವ ಅಂದಳು: "ಬಿಗಿ ಬೂಟು ತರಸ್ರಿ. ಗಂಗವ್ವಗ ನಾ ಹೇಳ್ತೇನಿ."