ಟಿ.ಸಿ. ಇದ್ದರೆ ಸಾಕು

ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟವಳು. ನನ್ನ ಟಿ.ಸಿ. ಇನ್ನೂ ಆ ಶಾಲೆಯಲ್ಲೇ ಇದೆ. ಮುಂದೆ ಎಲ್ಲಿಯೂ ಸೇರಲಿಲ್ಲ, ಹಾಗಾಗಿ ತರಲು ಹೋಗಲಿಲ್ಲ. ಮಾಳಮಡ್ಡಿಯಲ್ಲಿ ಸೀರೆಗೆ ಫಾಲ್ ಹಚ್ಚುತ್ತೇನೆ. ಶಾಲೆ ಬದಲಿಸುವುದೆಂದರೆ ಟಿ.ಸಿ. ತೆಗೆದುಕೊಳ್ಳುವುದು. ನನಗೆ ಗೊತ್ತಿದ್ದದ್ದು ಅಷ್ಟೇ.

ತಂಗಿ ಓದಲು ಕೆನಡಾಕ್ಕೆ ಹೋದಳು. ಹುಬ್ಬಳ್ಳಿಯ ಏಜೆಂಟ್ ಫೋಟೋದಲ್ಲಿ ತೋರಿಸಿದ ಕಾಲೇಜೇ ಬೇರೆ, ಅಲ್ಲಿ ಸಿಕ್ಕಿದ್ದು ಅಂಗಡಿಗಳ ಮೇಲಿನ ನಾಲ್ಕು ಖೋಲಿ. ಕೆಲವು ತಿಂಗಳು ತಡೆದುಕೊಂಡು, ತಾನೇ ಓಡಾಡಿ ಒಂದು ಯುನಿವರ್ಸಿಟಿಯಲ್ಲಿ ಸೀಟು ಪಡೆದಳು. ಆದರೆ ಅವಳ ಓದುವ ಪರ್ಮಿಟ್ ಮೇಲೆ ಹಳೆಯ ಕಾಲೇಜಿನ ಹೆಸರಿತ್ತು. ಕಾಲೇಜು ಬದಲಿಸಿದರೆ ಹೊಸ ಪರ್ಮಿಟ್ ಬೇಕೋ ಬೇಡವೋ, ಅಲ್ಲಿಯ ಗೆಳತಿಯರು ತಲೆಗೊಂದು ಮಾತು ಹೇಳುತ್ತಿದ್ದರು. ಏಜೆಂಟ್ ಅವಳ ಫೋನು ಎತ್ತುತ್ತಿರಲಿಲ್ಲ.

“ಅಕ್ಕಾ, ನೀನಽ ಹೋಗಿ ಅವನ ಎದುರಿಗೆ ಕುಂತು ಕೇಳು. ಬರೇ ಹೂಂ ಅನ್ನಿಸ್ಕೊಂಡು ಬರಬ್ಯಾಡ,” ಎಂದಳು.

ಹೋದೆ. ಬಾಗಿಲ ಬಳಿಯ ಹುಡುಗಿ ರಿಜಿಸ್ಟರ್ ಮುಂದಿಟ್ಟಳು. “ಇದನ್ನ ತುಂಬ್ರಿ ಅಕ್ಕಾರ, ಆಮ್ಯಾಲೆ ಒಳಗ ಕಳಸ್ತೇನಿ.”

ಕನ್ನಡದಲ್ಲಿ ಹೆಸರು ಬರೆದೆ. “ಮುಂದಿಂದು ಏನ್ರಿ?”

“ಕ್ವಾಲಿಫಿಕೇಶನ್ ರೀ. ಎಷ್ಟು ಕಲತೀರಿ?”

ಹಿಂದಿನ ಕುರ್ಚಿಗಳಲ್ಲಿ ಫೈಲು ಹಿಡಿದ ಹುಡುಗಿಯರು, ಅವರ ತಾಯಂದಿರು. “ಚಸ್ಮಾ ಮರತು ಬಂದೇನ್ರಿ,” ಎಂದು ಪೆನ್ನು ಇಟ್ಟು ಮೆಟ್ಟಿಲಿಳಿದೆ.

ಸಂಜೆ ತಂಗಿ ಫೋನು ಮಾಡಿದಳು. “ಕೇಳಿದೇನ?”

“ಕೇಳಿದೆ. ಹೊಸಾದು ಬ್ಯಾಡಂತ. ಹಳೇ ಕಾಲೇಜಿನ ಟಿ.ಸಿ. ಇದ್ರ ಸಾಕಂತ.”

“ಇಲ್ಲೆಲ್ಲಿ ಟಿ.ಸಿ. ಅಕ್ಕಾ!” ಎಂದು ನಕ್ಕಳು. “ಅವ್ರು ಬ್ಯಾರೆ ಏನೋ ಕಾಗದ ಅಂದಿರಬೇಕು, ನಿನಗ ಟಿ.ಸಿ. ಅಂತ ಕೇಳಿಸೇತಿ. ಇರ್ಲಿ ಬಿಡು, ಬ್ಯಾಡ ಅಂದ್ರಲ್ಲಾ.”

ನನ್ನ ಸುಳ್ಳಿನಲ್ಲಿದ್ದ ತಪ್ಪನ್ನೂ ತಾನೇ ತಿದ್ದಿಕೊಂಡು ನಂಬಿದಳು.

ಹೊಸ ಪರ್ಮಿಟ್ ಬೇಕೇ ಬೇಕಾಗಿತ್ತು. ಅದಿಲ್ಲದೆ ಕ್ಲಾಸಿಗೆ ಕುಳಿತದ್ದರಿಂದ ಹಳೆಯ ಪರ್ಮಿಟ್‌ನ ನಿಯಮ ಮುರಿದಂತಾಯಿತು. ಯುನಿವರ್ಸಿಟಿಯವರು ಅವಳನ್ನು ಕ್ಲಾಸಿನಿಂದ ಎಬ್ಬಿಸಿದರು. ಈಗ ಮತ್ತೆ ಅರ್ಜಿ ಹಾಕಿ, ಓದುವ ಹಾಗಿಲ್ಲದೆ ಖೋಲಿಯಲ್ಲಿ ಕೂತಿದ್ದಾಳೆ. ಅಲ್ಲಿಯ ಸರಕಾರದವರು ಒಲ್ಲೆ ಎಂದರೆ ತಿರುಗಿ ಬರಬೇಕು.

ಕ್ಲಾಸಿನಿಂದ ಎಬ್ಬಿಸಿದ ದಿನ ಅವಳು ಫೋನು ಮಾಡಿ ಕೇಳಿದಾಗಲೂ ನಾನು ಒಪ್ಪಿಕೊಳ್ಳಲಿಲ್ಲ. “ಅವ್ರು ಹಂಗಽ ಹೇಳಿದ್ರವ್ವಾ, ದೇವರಾಣಿ,” ಎಂದೆ. ಅವಳು ನನ್ನ ಮಾತು ಹಿಡಿದು ಏಜೆಂಟನ ಜೊತೆ ಮೆಸೇಜಿನಲ್ಲೇ ಜಗಳಕ್ಕೆ ಬಿದ್ದಳು. ಅವನು ಉತ್ತರವಾಗಿ ರಿಜಿಸ್ಟರಿನ ಆ ಪುಟದ ಫೋಟೋ ಕಳಿಸಿದ. ಇಂಗ್ಲಿಷ್ ಸಾಲುಗಳ ನಡುವೆ ಕನ್ನಡದಲ್ಲಿ ನನ್ನ ಹೆಸರು, ಮುಂದೆಲ್ಲ ಖಾಲಿ. ತಂಗಿ ಅದನ್ನು ನನಗೆ ಕಳಿಸಿ, ಕೆಳಗೆ ನನಗೆ ಓದಲು ಬರುವಂತೆ ಕನ್ನಡದಲ್ಲಿ ಬರೆದಿದ್ದಳು: “ಗೊತ್ತಾಗಲಿಲ್ಲ ಅಂದಿದ್ರ ಬ್ಯಾರೇರನ್ನ ಕೇಳ್ತಿದ್ನಲ್ಲ ಅಕ್ಕಾ. ಆ ಏಜೆಂಟ್ ಮೋಸಗಾರ ಅಂತ ಗೊತ್ತಿತ್ತು. ಅದಕ್ಕಽ ನಿನ್ನ ಕಳಿಸಿದ್ದೆ.”

ಆಮೇಲೆ ಅವಳ ಫೋನಿಲ್ಲ.

ಕಳೆದ ವಾರ ಮತ್ತೆ ಆ ಆಫೀಸಿಗೆ ಹೋದೆ. ಹೆಸರಿನ ಮುಂದೆ ‘ಏಳನೇ ಇಯತ್ತೆ’ ಎಂದು ಬರೆದೆ. ಯಾರೂ ನಗಲಿಲ್ಲ. “ಏನ್ ಕೇಳೋದಿತ್ರಿ ಅಕ್ಕಾರ?” ಎಂದಳು ಅದೇ ಹುಡುಗಿ. ಕಾಲೇಜು ಬದಲಿಸಿದರೆ ಹೊಸ ಪರ್ಮಿಟ್ ಬೇಕೇನು ಎಂದೆ.

ರಿಜಿಸ್ಟರಿನಿಂದ ತಲೆ ಎತ್ತದೆ ಅವಳು ಹೇಳಿದಳು: “ಹೌದ್ರಿ, ಬೇಕಽ ಬೇಕು. ಇದಕ್ಯಾಕ ಒಳಗ ಹೋಗ್ತೀರಿ?”